ತಂದೆತಾಯಿಗಳು ಮಕ್ಕಳಿಗೆ ಏನನ್ನು ಕಲಿಸಬಲ್ಲರು?
(ಬೆಟ್ಟದ ತೊರೆಗಳಲ್ಲಿ ಗಾಳ ಹಾಕುವವರಿಂದ ಒಂದು ಪಾಠ)



ಗದ್ದೆಯನ್ನು ಮಗನ ಹೆಸರಿಗೆ ಬರೆದು ಕೊಡಬಹುದು. ಒಡವೆಯನ್ನು ಮಗಳಿಗಾಗಿ ಕಟ್ಟಿ ಇಡಬಹುದು. ಮನೆಯನ್ನೂ ಹಟ್ಟಿಯ ದನಗಳನ್ನೂ ನಾಲ್ವರ ಮುಂದೆ ಪಾಲು ಮಾಡಿ ಹಂಚಬಹುದು. ಆದರೆ ತಾಳ್ಮೆಯನ್ನು ಯಾವ ಪತ್ರದಲ್ಲಿ ಬರೆದು ಕೊಡೋಣ? ಸತ್ಯವನ್ನು ಯಾವ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕೋಣ? ಮಕ್ಕಳಿಗೆ ಬಿಟ್ಟು ಹೋಗತಕ್ಕ ಸ್ವಾಸ್ತ್ಯಗಳಲ್ಲಿ ಒಳ್ಳೇ ಗುಣವೇ ಶ್ರೇಷ್ಠವೆಂದು ಎಲ್ಲರೂ ಒಪ್ಪುವರು. ಅದನ್ನು ದಾಟಿಸುವ ಮಾರ್ಗ ಯಾವದೆಂದು ಕೇಳಿದರೆ ಬಹಳ ಮಂದಿ ಸುಮ್ಮನಾಗುವರು. ಇದಕ್ಕಿಂತಲೂ ಕಠಿಣವಾದ ಇನ್ನೊಂದು ಪ್ರಶ್ನೆ ಉಂಟು. ಒಂದೇ ಮನೆಯಲ್ಲಿ ಒಂದೇ ಗಂಜಿಯನ್ನು ಉಂಡು ಒಂದೇ ಬೋಧೆಯನ್ನು ಕೇಳಿ ಬೆಳೆದ ಇಬ್ಬರು ಮಕ್ಕಳಲ್ಲಿ ಒಬ್ಬನು ನೆಟ್ಟಗೆ ನಿಲ್ಲುವನು, ಇನ್ನೊಬ್ಬನು ದಾರಿ ತಪ್ಪುವನು. ಆಗ ಕಲಿಸಿದ್ದೆಲ್ಲಾ ವ್ಯರ್ಥವಾಯಿತೋ? ತಪ್ಪು ಕಲಿಸಿದವನದೋ, ಕಲಿತವನದೋ?

ಇಂಥ ಪ್ರಶ್ನೆಗಳನ್ನು ದೊಡ್ಡ ಮಾತುಗಳಿಂದ ವಿಚಾರಿಸಹೊರಟರೆ ಮಾತುಗಳೇ ಉಳಿಯುವವು. ಆದದರಿಂದ ಒಂದು ಸಣ್ಣ ವಿಷಯವನ್ನು ಹಿಡಿದು ಅದರ ಮೂಲಕ ನೋಡೋಣ. ದೂರ ದೇಶಗಳ ಬೆಟ್ಟದ ತೊರೆಗಳಲ್ಲಿ ತಂದೆಯು ಮಗುವನ್ನು ಕರೆದುಕೊಂಡು ಹೋಗಿ ಗರಿಯ ನೊಣದಿಂದ ಮೀನು ಹಿಡಿಯುವದನ್ನು ಕಲಿಸುವ ವಾಡಿಕೆಯುಂಟು. ಅದೇ ನಮ್ಮ ದೃಷ್ಟಾಂತ.

ನಮ್ಮವರು ಗಾಳಕ್ಕೆ ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ ಹೊಳೆಗೆ ಬಿಡುವರಷ್ಟೆ. ಅಲ್ಲಿಯಾದರೋ ಕೊಕ್ಕೆಯ ಸುತ್ತಲೂ ನೂಲನ್ನೂ ಕೂದಲನ್ನೂ ಹಕ್ಕಿಯ ಗರಿಯನ್ನೂ ಸುತ್ತಿ ನೊಣದಂತೆ ಕಾಣುವ ವಸ್ತುವನ್ನು ಕಟ್ಟುವರು. ಇದು ಹೊಸ ಉಪಾಯವಲ್ಲ. ಕ್ರಿಸ್ತ ಶಕ 200ರ ಸುಮಾರಿಗೆ ಬರೆದ ಈಲಿಯನ್ ಎಂಬ ಗ್ರಂಥಕರ್ತನು ಮಕೆದೋನ್ಯದ ಒಂದು ನದಿಯಲ್ಲಿ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ ಹುಂಜದ ಗರಿಗಳನ್ನು ಕಟ್ಟಿ ಮೀನು ಹಿಡಿಯುವರೆಂದು ತಿಳಿಸಿದ್ದಾನೆ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಒಂದು ಗ್ರಂಥದಲ್ಲಿ ಹನ್ನೆರಡು ವಿಧದ ನೊಣಗಳನ್ನು ಕಟ್ಟುವ ರೀತಿಯನ್ನು ಬರೆದಿದೆ. ಐಸಾಕ್ ವಾಲ್ಟನ್ ಎಂಬವನು 1653ರಲ್ಲಿ ಪ್ರಕಟಿಸಿದ ಪುಸ್ತಕವು, ಗಾಳ ಹಾಕುವ ಗುರುವೂ ಕಲಿಯಬಂದ ಶಿಷ್ಯನೂ ದಾರಿಯಲ್ಲಿ ನಡೆಯುತ್ತಾ ಮಾಡುವ ಸಂಭಾಷಣೆಯಾಗಿದೆ. ಆ ದೇಶವು ಒಳಯುದ್ಧದಿಂದ ಬಳಲಿದ್ದ ಕಾಲವದು.

ಈ ವಾಲ್ಟನನ ವಿಷಯದಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ನೊಣದ ಗಾಳದಲ್ಲಿ ಅವನಿಗಿಂತಲೂ ಅವನ ಕಿರಿಯ ಸ್ನೇಹಿತನಾದ ಚಾರ್ಲ್ಸ್ ಕಾಟನನು ಹೆಚ್ಚು ನಿಪುಣನಾಗಿದ್ದನು. ಕಾಟನನು ವಾಲ್ಟನನನ್ನು ತಂದೆಯೆಂದು ಕರೆಯುತ್ತಿದ್ದನು. ವಾಲ್ಟನನು ಅವನನ್ನು ಮಗನಂತೆ ಎಣಿಸಿದನು. 1676ರಲ್ಲಿ ಪುಸ್ತಕವು ಐದನೆಯ ಸಾರಿ ಅಚ್ಚಾದಾಗ, ಬೆಟ್ಟದ ಸ್ವಚ್ಛ ತೊರೆಗಳಲ್ಲಿ ನೊಣದಿಂದ ಮೀನು ಹಿಡಿಯುವ ಭಾಗವನ್ನು ಈ ಮಗನೇ ಬರೆದು ಸೇರಿಸಿದನು. ಡವ್ ನದಿಯ ದಡದಲ್ಲಿ ಕಾಟನನು 1674ರಲ್ಲಿ ಕಟ್ಟಿಸಿದ ಸಣ್ಣ ಮನೆಯ ಬಾಗಲ ಮೇಲೆ ಇಬ್ಬರ ಹೆಸರುಗಳ ಮೊದಲ ಅಕ್ಷರಗಳನ್ನು ಒಂದರೊಳಗೊಂದು ಹೆಣೆದು ಕೆತ್ತಿದೆ. ತಂದೆಗೆ ತಿಳಿಯದ್ದನ್ನು ಮಗನು ತಿಳಿದಿರುವದು ತಂದೆಗೆ ಅವಮಾನವಲ್ಲವೆಂಬದಕ್ಕೆ ಆ ಕಲ್ಲು ಸಾಕ್ಷಿಯಾಗಿದೆ. ಹಿರಿಯನು ತನ್ನ ಪುಸ್ತಕದಲ್ಲಿ ಕಿರಿಯನಿಗೆ ಸ್ಥಳ ಕೊಟ್ಟದ್ದರಿಂದ ಹಿರಿಯನ ಪುಸ್ತಕವೇ ಪೂರ್ತಿಯಾಯಿತು.

ಈಗ ಕಲಿಯುವ ಕ್ರಮವನ್ನು ನೋಡೋಣ. ಸಾಧಾರಣ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುವದು. ಗರಿಯ ನೊಣಕ್ಕೆ ಭಾರವೇ ಇಲ್ಲ. ಆದದರಿಂದ ದಾರವನ್ನೇ ದಪ್ಪವಾಗಿ ಮಾಡಿ, ದಾರದ ಭಾರವು ನೊಣವನ್ನು ಒಯ್ಯುವಂತೆ ಏರ್ಪಡಿಸಿರುತ್ತಾರೆ. ಕೋಲನ್ನು ಮೇಲಕ್ಕೆತ್ತಿದಾಗ ದಾರವು ಬೆನ್ನ ಹಿಂದೆ ಹಾರಿ ನೆಟ್ಟಗೆ ಚಾಚಿಕೊಳ್ಳಬೇಕು. ಅದು ಪೂರ್ತಿಯಾಗಿ ಚಾಚಿಕೊಂಡ ಮೇಲೆಯೇ ಮುಂದಕ್ಕೆ ಬೀಸಬೇಕು. ಮುಂಚೆ ಬೀಸಿದರೆ ದಾರವು ಚಾಟಿಯಂತೆ ಸಿಡಿದು ನೊಣವು ಕಿತ್ತು ಹೋಗುವದು. ತಡಮಾಡಿದರೆ ದಾರವು ಹಿಂದಿನ ಪೊದೆಯಲ್ಲಿ ಸಿಕ್ಕಿಕೊಳ್ಳುವದು. ಹೆಚ್ಚು ಬಲ ಹಾಕಿದಷ್ಟೂ ಕೆಲಸ ಕೆಡುವದು. ಹತ್ತು ವರ್ಷದ ಹುಡುಗಿಯು ಸರಿಯಾಗಿ ಎಸೆಯಬಲ್ಲಳು. ಕಟ್ಟುಮಸ್ತಾದ ಗಂಡಸು ಸೋತು ಕೂತುಕೊಳ್ಳಬಹುದು.

ಇದರಲ್ಲಿ ಅತಿ ಕಷ್ಟವಾದದ್ದು ಯಾವದು? ಏನೂ ಮಾಡದೆ ಇರುವ ಆ ಒಂದು ಕ್ಷಣವೇ. ದಾರವು ಕಣ್ಣಿಗೆ ಕಾಣದ ಕಡೆ, ಬೆನ್ನ ಹಿಂದೆ, ಚಾಚಿಕೊಳ್ಳುತ್ತಿರುವಾಗ ಕೈಯನ್ನು ಸುಮ್ಮನೆ ನಿಲ್ಲಿಸಬೇಕು. ಮಗುವಿನ ಕೈಗೆ ಇದು ಸುಲಭವಾಗಿ ಬರುವದಿಲ್ಲ. ತಂದೆಯು ಮಗುವಿನ ಮುಂಗೈಯನ್ನು ಹಿಡಿದು ನಾಲ್ಕು ಸಾರಿ ಎಸೆದು ತೋರಿಸಬಹುದು. ಐದನೆಯ ಸಾರಿ ಕೈ ಬಿಡಲೇಬೇಕು. ಯಾಕಂದರೆ ಕೋಲಿನ ಭಾರವು ಬದಲಾಗುವದು ಕೋಲನ್ನು ಹಿಡಿದ ಕೈಗೆ ಮಾತ್ರ ತಿಳಿಯುವದು. ಮಗುವಿಗೆ ಬದಲಾಗಿ ತಂದೆ ಕಾದುಕೊಂಡರೆ ತಂದೆಯ ತಾಳ್ಮೆಯು ಬೆಳೆಯುವದೇ ಹೊರತು ಮಗುವಿನದು ಬೆಳೆಯುವದಿಲ್ಲ. ಇದರಿಂದ ನಮ್ಮ ಮೊದಲನೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಗುಣವನ್ನು ಕೊಟ್ಟು ಬಿಡಲಾಗದು. ಆದರೆ ಗುಣವು ಹುಟ್ಟತಕ್ಕ ಕೆಲಸವನ್ನು ಕೊಡಬಹುದು. ತಾಳ್ಮೆಯುಳ್ಳವನಾಗು ಎಂದು ನೂರು ಸಾರಿ ಹೇಳುವದಕ್ಕಿಂತ ತಾಳ್ಮೆಯಿಲ್ಲದೆ ನಡೆಯದ ಒಂದು ಕೆಲಸವನ್ನು ಮಗುವಿನ ಕೈಯಲ್ಲಿಟ್ಟು ಪಕ್ಕದಲ್ಲಿ ನಿಲ್ಲುವದು ಮೇಲು.

ಎಸೆಯುವದು ಬಂದರೆ ಸಾಲದು, ನೋಡುವದು ಬರಬೇಕು. ಟ್ರೌಟ್ ಎಂಬ ಮೀನು ತಣ್ಣಗಾದ ತಿಳಿನೀರಿನಲ್ಲಿ ಮಾತ್ರ ವಾಸಿಸುವದು. ನೀರಿನ ಬಿಸಿಯು 20 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದರೆ ಸೊರಗಲಾರಂಭಿಸುವದು. ಅದು ಹರಿವಿಗೆ ಎದುರಾಗಿ ಮುಖವಿಟ್ಟು, ಬಂಡೆಯ ಮರೆಯಲ್ಲಿ ನಿಂತು, ಮೇಲಿನಿಂದ ನೀರು ತರುವ ಆಹಾರವನ್ನು ಕಾಯುವದು. ಆದದರಿಂದ ಗಾಳದವನು ಕೆಳಗಿನಿಂದ, ಅದರ ಹಿಂದಿನಿಂದ, ಮೆಲ್ಲಗೆ ಬರಬೇಕು. ನೆರಳು ನೀರಿನ ಮೇಲೆ ಬೀಳಬಾರದು. ತೊರೆಯ ಕಲ್ಲನ್ನು ಮಗುಚಿ ನೋಡಿದರೆ ಅದರ ಅಡಿಯಲ್ಲಿ ಸಣ್ಣ ಹುಳಗಳು ಅಂಟಿಕೊಂಡಿರುವವು. ಕೆಲವು ಹುಳಗಳು ಮರಳನ್ನೂ ಕಡ್ಡಿಯನ್ನೂ ಅಂಟಿಸಿ ಸುತ್ತಲೂ ಗೂಡು ಕಟ್ಟಿಕೊಂಡಿರುವವು. ಮೇ ನೊಣವೆಂಬ ಒಂದು ಜಾತಿಯು ತಿಂಗಳುಗಟ್ಟಲೆ, ಕೆಲವು ಒಂದು ವರ್ಷದ ತನಕ, ನೀರಿನಡಿಯಲ್ಲಿ ಬೆಳೆದು ಕಡೆಗೆ ರೆಕ್ಕೆ ಬಂದು ಮೇಲೆ ಏಳುವದು. ರೆಕ್ಕೆ ಬಂದ ಮೇಲೆ ಅದು ತಿನ್ನುವದೇ ಇಲ್ಲ. ಕೂಡಿ, ಮೊಟ್ಟೆಯಿಟ್ಟು, ಸಾಮಾನ್ಯವಾಗಿ ಒಂದೆರಡು ದಿನಗಳೊಳಗೆ ಸಾಯುವದು. ಯಾವ ಹುಳವು ಯಾವ ಹೊತ್ತಿನಲ್ಲಿ ಏಳುವದೆಂದು ತಿಳಿಯದವನು ಯಾವ ನೊಣವನ್ನು ಕಟ್ಟಬೇಕೆಂದು ತಿಳಿಯನು.

ಹೀಗಿರಲಾಗಿ ಮಗುವು ಮೀನನ್ನು ಹಿಡಿಯುವದಕ್ಕಿಂತ ಮುಂಚೆ ತೊರೆಯ ಮುಂದೆ ತಲೆ ತಗ್ಗಿಸಿ ಕಲ್ಲುಗಳನ್ನು ಮಗುಚಿ ನೋಡಲು ಕಲಿಯಬೇಕು. ತನ್ನ ಇಷ್ಟದಂತೆ ಲೋಕವು ನಡೆಯುವದಿಲ್ಲ. ಲೋಕವು ನಡೆಯುವ ರೀತಿಯನ್ನು ತಾನು ತಿಳಿದು ಹೊಂದಿಕೊಳ್ಳಬೇಕು ಎಂಬ ಪಾಠವನ್ನು ತೊರೆಯು ಬೈಯದೆ ಹೊಡೆಯದೆ ಕಲಿಸುವದು. ತಂದೆಯು ಕೋಪದಿಂದ ಹೇಳಿದ ಮಾತಿಗೆ ಮಗು ಎದುರು ನಿಲ್ಲಬಹುದು. ತೊರೆಯ ಸಂಗಡ ವಾದಿಸುವದು ಹೇಗೆ?

ಇಂಥ ಕಲಿಕೆಗೆ ಬಹು ಪ್ರಸಿದ್ಧವಾದ ಉದಾಹರಣೆಯು ಅಮೇರಿಕ ದೇಶದ ಮೊಂಟಾನಾ ಸೀಮೆಯಲ್ಲಿ ಉಂಟು. ಸ್ಕಾಟ್ ಮೂಲದ ಪ್ರೆಸ್ಬಿಟೀರಿಯನ್ ಸಭಾಪಾಲಕರಾದ ಜಾನ್ ನಾರ್ಮನ್ ಮಕ್ಲೇನ್ ಅಯ್ಯನವರು 1909ರಲ್ಲಿ ಹೆಂಡತಿಮಕ್ಕಳೊಂದಿಗೆ ಮಿಸ್ಸೂಲಾ ಎಂಬ ಊರಿಗೆ ಬಂದರು. ಅವರಿಗೆ ನಾರ್ಮನ್, ಪಾಲ್ ಎಂಬ ಇಬ್ಬರು ಗಂಡುಮಕ್ಕಳಿದ್ದರು. ಊರಿನ ಸಮೀಪದಲ್ಲಿ ಬ್ಲ್ಯಾಕ್‌ಫುಟ್ ಎಂಬ ನದಿಯು ಬೆಟ್ಟಗಳಿಂದ ಇಳಿದು ಬರುತ್ತದೆ. ಅಯ್ಯನವರು ಮಕ್ಕಳಿಗೆ ಪ್ರಶ್ನೋತ್ತರಿಯನ್ನೂ ಕಲಿಸಿದರು, ನೊಣದ ಗಾಳವನ್ನೂ ಕಲಿಸಿದರು. ಹಿರಿಯ ಮಗನಾದ ನಾರ್ಮನನು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಸಾಹಿತ್ಯವನ್ನು ಬೋಧಿಸಿ, ಕೆಲಸದಿಂದ ನಿವೃತ್ತನಾದ ನಂತರ, ತನ್ನ ಮಕ್ಕಳಿಗೆ ಹೇಳುತ್ತಿದ್ದ ಕಥೆಗಳನ್ನು ಬರೆಯಲಾರಂಭಿಸಿದನು. 1976ರಲ್ಲಿ ಅವನು ಎಪ್ಪತ್ತು ದಾಟಿದವನಾಗಿದ್ದಾಗ ‘ಎ ರಿವರ್ ರನ್ಸ್ ಥ್ರೂ ಇಟ್’ ಎಂಬ ಪುಸ್ತಕವು ಪ್ರಕಟವಾಯಿತು. ಅದು ಕಥೆಯ ರೂಪದಲ್ಲಿದ್ದರೂ ಅದರ ತಿರುಳು ಆ ಮನೆಯ ಚರಿತ್ರೆಯೇ.

ಅಯ್ಯನವರು ಕಲಿಸಿದ ರೀತಿಯು ಅದರಲ್ಲಿ ವಿವರವಾಗಿದೆ. ಕೋಲನ್ನು ಗಡಿಯಾರದ ಮುಳ್ಳೆಂದು ಎಣಿಸಿ, ಹತ್ತು ಗಂಟೆಯ ಮತ್ತು ಎರಡು ಗಂಟೆಯ ಸ್ಥಾನಗಳ ನಡುವೆ ಮಾತ್ರ ಆಡಿಸಬೇಕು. ನಾಲ್ಕು ಎಣಿಕೆಯ ತಾಳಕ್ಕೆ ಸರಿಯಾಗಿ ಎಸೆಯಬೇಕು. ಇದಕ್ಕಾಗಿ ಸಂಗೀತ ಕಲಿಯುವವರು ತಾಳ ಹಿಡಿಯಲು ಉಪಯೋಗಿಸುವ ಯಂತ್ರವನ್ನೇ ಮಕ್ಕಳ ಮುಂದೆ ಇಟ್ಟು ಅಭ್ಯಾಸ ಮಾಡಿಸಿದರಂತೆ. ಮಕ್ಕಳಿಗೆ ಮೀನು ಬೇಕು. ತಂದೆಯು ಕೊಟ್ಟದ್ದು ಲೆಕ್ಕ. ಹಿಡಿಯುವ ಕ್ರಮವನ್ನು ಅರಿಯದವನು ಮೀನನ್ನು ಮುಟ್ಟುವದೇ ಅನುಚಿತವೆಂಬದು ಅವರ ಮತವಾಗಿತ್ತು. ಅವರ ಎಣಿಕೆಯಲ್ಲಿ ಮನುಷ್ಯನು ಹುಟ್ಟಿನಿಂದ ಅಡ್ಡಾದಿಡ್ಡಿಯಾಗಿ ಬಲ ಹಾಕುವವನು. ಅಂದವು ಅವನಿಗೆ ತಾನಾಗಿ ಬರುವದಿಲ್ಲ, ಶಿಸ್ತಿನ ಬಾಗಲಿನಿಂದಲೇ ಬರುವದು.

ಕಿರಿಯವನಾದ ಪಾಲನು ತಂದೆಯ ಲೆಕ್ಕವನ್ನು ಕಲಿತ ಮೇಲೆ ಅದನ್ನು ದಾಟಿ ಹೋದನೆಂದು ಅಣ್ಣನು ಬರೆದಿದ್ದಾನೆ. ತಂದೆಯೂ ಅಣ್ಣನೂ ದಡದಲ್ಲಿ ನಿಂತು ನೋಡುವಷ್ಟು ಚೆನ್ನಾಗಿ ಅವನು ಎಸೆಯುತ್ತಿದ್ದನು. ಶಿಸ್ತಿಗೂ ಸ್ವಾತಂತ್ರ್ಯಕ್ಕೂ ವೈರವಿದೆಯೆಂದು ಕೆಲವರು ಎಣಿಸುತ್ತಾರೆ, ಅದು ಹಾಗಲ್ಲ. ಕಾಗುಣಿತವನ್ನು ತಿದ್ದದವನು ಪತ್ರವನ್ನು ಬರೆಯಲಾರನು. ತಾಳವನ್ನು ಕಲಿಯದವನು ತಾಳವನ್ನು ಮೀರಿ ಹಾಡಲಾರನು, ತಪ್ಪಿ ಮಾತ್ರ ಹಾಡುವನು. ಮೀರುವದು ಬೇರೆ, ತಪ್ಪುವದು ಬೇರೆ. ಮಗುವು ನಿಯಮವನ್ನು ಮೀರಿ ನಡೆಯುವ ದಿನ ಬಂದಾಗ, ಇದು ಕಲಿತು ಮೀರಿದ್ದೋ ಕಲಿಯದೆ ತಪ್ಪಿದ್ದೋ ಎಂದು ವಿವೇಚಿಸುವದು ತಂದೆಯ ಕೆಲಸ.

ಹೆಣ್ಣುಮಕ್ಕಳ ವಿಷಯವನ್ನೂ ಇಲ್ಲಿ ಹೇಳಬೇಕಾಗಿದೆ. 1926ರಲ್ಲಿ ಹುಟ್ಟಿದ ಜೋನ್ ಸಾಲ್ವಾಟೋ ಎಂಬಾಕೆಯ ತಂದೆಯು ನ್ಯೂಜರ್ಸಿಯಲ್ಲಿ ಬೇಟೆ ಮತ್ತು ಗಾಳದ ಸಾಮಾನುಗಳ ಅಂಗಡಿಯನ್ನಿಟ್ಟಿದ್ದನು. ಎಸೆಯುವದನ್ನು ಅಭ್ಯಾಸ ಮಾಡುವ ಸಂಘಕ್ಕೆ ಅವನು ಗಂಡುಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದನು, ಮಗಳನ್ನು ಕರೆಯಲಿಲ್ಲ. ಅವಳು ಒಂದು ದಿನ ತಾಯಿಯನ್ನು ಕೇಳಿ ತಂದೆಯ ಕೋಲನ್ನು ಎತ್ತಿಕೊಂಡು ಕೊಳಕ್ಕೆ ಹೋಗಿ ಎಸೆದಾಗ ಕೋಲಿನ ತುದಿಯ ತುಂಡು ಕಳಚಿ ನೀರಿಗೆ ಬಿತ್ತು. ನೆರೆಮನೆಯವನು ಅದನ್ನು ಎತ್ತಿ ಕೊಟ್ಟನು. ಈ ಸಂಗತಿಯು ತಿಳಿದಾಗ ತಂದೆಯು ಗದರಿಸದೆ, ನೀನೂ ಬರುವಿಯಾ ಎಂದು ಕೇಳಿದನು. ಅದೇ ಹುಡುಗಿಯು 1951ರಲ್ಲಿ ಗಂಡಸರೆಲ್ಲರ ನಡುವೆ ಸ್ಪರ್ಧಿಸಿ ದೂರ ಎಸೆಯುವದರಲ್ಲಿ ಗೆದ್ದಳು. ಮುಂದೆ ಲೀ ವುಲ್ಫ್ ಎಂಬ ಪ್ರಖ್ಯಾತ ಗಾಳಗಾರನನ್ನು ಮದುವೆಯಾಗಿ, ಬೀವರ್‌ಕಿಲ್ ಎಂಬ ಬೆಟ್ಟದ ತೊರೆಯ ಪ್ರಾಂತದಲ್ಲಿ ಇದನ್ನು ಕಲಿಸುವ ಶಾಲೆಯನ್ನು ಸ್ಥಾಪಿಸಿದಳು. ನಮ್ಮ ಮನೆಗಳಲ್ಲಿ ಕೇಳದೆ ಬಿಟ್ಟ ಹೆಣ್ಣುಮಕ್ಕಳು ಎಷ್ಟು ಮಂದಿ ಇರುವರೋ! ಕಲಿಸಲು ಬಲ್ಲವನಿಗೆ ಯಾರನ್ನು ಕರೆಯಬೇಕೆಂಬ ವಿವೇಕವೂ ಬೇಕು.

ಇಲ್ಲಿ ಒಬ್ಬಾನೊಬ್ಬ ವಾಚಕನು ಎದ್ದು ಕೇಳಬಹುದು: “ಉಪದೇಶಿಯವರೇ, ಸುಳ್ಳು ನೊಣವನ್ನು ತೋರಿಸಿ ಬಡ ಜೀವಿಯನ್ನು ಮೋಸಪಡಿಸುವದನ್ನು ಮಗುವಿಗೆ ಕಲಿಸಿ, ಅದರಿಂದ ಸದ್ಗುಣ ಬರುವದೆಂದು ಹೇಳುವದು ಸರಿಯೋ?” ಪ್ರಶ್ನೆಯು ನ್ಯಾಯವಾದದ್ದು. ಸುಳ್ಳು ಯಾಕೆ ಪಾಪ? ಒಬ್ಬರ ಮಾತನ್ನು ಒಬ್ಬರು ನಂಬಿ ಬದುಕುವವರ ನಡುವೆ ಅದು ನಂಬಿಕೆಯನ್ನು ಕೊಲ್ಲುವದರಿಂದಲೇ. ಮೀನಿಗೂ ಮನುಷ್ಯನಿಗೂ ನಡುವೆ ಅಂಥ ಮಾತಿನ ಒಪ್ಪಂದವಿಲ್ಲ. ಆದದರಿಂದ ವಂಚನೆಯ ಆಕ್ಷೇಪಣೆಯು ಅಷ್ಟು ಬಲವಾದದ್ದಲ್ಲ. ನೋವಿನ ಆಕ್ಷೇಪಣೆಯಾದರೋ ಬಲವಾದದ್ದು. 2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಎಂಬ ವಿದ್ವಾಂಸಳೂ ಅವಳ ಜೊತೆಗಾರರೂ ಟ್ರೌಟ್ ಮೀನಿನ ಬಾಯಿ ಮತ್ತು ತಲೆಯ ಭಾಗದಲ್ಲಿ ಗಾಯವನ್ನು ಗ್ರಹಿಸುವ ನರತಂತುಗಳಿರುವದನ್ನು ತೋರಿಸಿದರು. ತುಟಿಗೆ ಹುಳಿದ್ರವವನ್ನು ಚುಚ್ಚಿದಾಗ ಮೀನು ತುಟಿಯನ್ನು ಕಲ್ಲುಗಳಿಗೆ ಉಜ್ಜುವದನ್ನೂ ಕಂಡರು. ಅದು ನಮ್ಮಂತೆ ನೋವನ್ನು ಅನುಭವಿಸುವದೋ ಎಂಬದರಲ್ಲಿ ವಿದ್ವಾಂಸರೊಳಗೆ ವಾದವಿರುವದು. ಆದರೆ ಮೀನಿಗೆ ಏನೂ ಆಗುವದಿಲ್ಲ ಎಂದು ಮಗುವಿಗೆ ಹೇಳುವ ಹಕ್ಕು ನಮಗೆ ಉಳಿದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಎರಡು ದೇಶಗಳು ಎರಡು ಬಗೆಯಾಗಿ ಉತ್ತರ ಕೊಟ್ಟಿವೆ. ಅಮೇರಿಕದಲ್ಲಿ ಮೇಲೆ ಹೇಳಿದ ಲೀ ವುಲ್ಫನು 1939ರಲ್ಲಿಯೇ, ಒಳ್ಳೇ ಮೀನನ್ನು ಒಂದೇ ಸಾರಿ ಹಿಡಿದು ಮುಗಿಸಬಾರದು, ಜೀವಂತವಾಗಿ ಬಿಡಬೇಕೆಂದು ಬೋಧಿಸಿದನು. ಈಗ ಅಲ್ಲಿ ಅನೇಕರು ಕೊಕ್ಕೆಯ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ, ಮೀನಿನ ಮೈಯ ಲೋಳೆ ಹೋಗದಂತೆ ಕೈಯನ್ನು ಒದ್ದೆ ಮಾಡಿಕೊಂಡು, ಬೇಗನೆ ನೀರಿಗೆ ಬಿಡುತ್ತಾರೆ. ಮೊಂಟಾನಾ ಸೀಮೆಯ ಸ್ವಂತ ಮೀನಾದ ಬುಲ್ ಟ್ರೌಟನ್ನು ಅಲ್ಲಿಯ ನದಿಗಳಲ್ಲಿ ನಶಿಸುವ ಭಯವುಳ್ಳದ್ದೆಂದು 1998ರಲ್ಲಿ ಸರಕಾರವು ಪಟ್ಟಿಗೆ ಸೇರಿಸಿತು. ಸ್ವಿಜರ್ಲೆಂಡ್ ದೇಶದವರಾದರೋ ಇದಕ್ಕೆ ವಿರೋಧವಾಗಿ ತೀರ್ಮಾನಿಸಿದರು: ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವದು ಜೀವಿಯನ್ನು ಆಟದ ವಸ್ತುವನ್ನಾಗಿ ಮಾಡುವದೆಂದು 2008ರ ನಿಯಮಗಳಲ್ಲಿ ಅದನ್ನು ನಿಷೇಧಿಸಿದರು. ಒಬ್ಬರು ಮೀನಿನ ಸಂತತಿಯನ್ನು ನೋಡಿದರು, ಇನ್ನೊಬ್ಬರು ಆ ಒಂದು ಮೀನನ್ನು ನೋಡಿದರು. ಇಬ್ಬರೂ ಲಘುವಾಗಿ ಎಣಿಸಲಿಲ್ಲ.

ನನ್ನ ವಿಚಾರವು ಹೀಗಿದೆ. ಮಗುವಿಗೆ ಕಲಿಸುವವನು ಮೂರು ಮಾತುಗಳನ್ನು ಕೋಲಿನ ಸಂಗಡಲೇ ಕಲಿಸತಕ್ಕದ್ದು. ಊಟಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹಿಡಿಯಕೂಡದು. ಕೊಲ್ಲುವದಾದರೆ ಒದ್ದಾಡಲು ಬಿಡದೆ ಒಂದೇ ಪೆಟ್ಟಿನಲ್ಲಿ ಕೊಲ್ಲಬೇಕು. ಬಿಡುವದಾದರೆ ತೋರಿಸಿ ಮೆರೆಯದೆ ತಕ್ಷಣ ಬಿಡಬೇಕು. ಮೂರನೆಯದಾಗಿ, ಮೀನಿನ ಬಾಯಿಂದ ಕೊಕ್ಕೆಯನ್ನು ಬಿಡಿಸುವಾಗ ಮಗುವಿಗೆ ಅಳು ಬಂದರೆ ನಗಬಾರದು. ಆ ಅಳುವು ಹೇಡಿತನವಲ್ಲ. ನಾವು ಇಷ್ಟು ಹೊತ್ತು ಯಾವ ಗುಣವನ್ನು ಹುಡುಕುತ್ತಿದ್ದೇವೋ ಅದೇ ಮೊಳೆಯುತ್ತಿರುವದು. ಅಂಥ ಮಗುವು ಇನ್ನು ಮುಂದೆ ಗಾಳವನ್ನು ಮುಟ್ಟುವದಿಲ್ಲವೆಂದು ಹೇಳಿದರೆ ಕಲಿಕೆಯು ಸೋತಿತೆಂದು ಎಣಿಸಬಾರದು.

ಇನ್ನು ಕಠಿಣವಾದ ಪ್ರಶ್ನೆಗೆ ಬರೋಣ. ಮಕ್ಲೇನ್ ಅಯ್ಯನವರ ಕಿರಿಯ ಮಗನಾದ ಪಾಲನು ಪತ್ರಿಕೆಯ ವರದಿಗಾರನಾದನು. ಅವನಿಗೆ ಕುಡಿತವೂ ಜೂಜೂ ಅಂಟಿಕೊಂಡಿದ್ದವೆಂದು ಅಣ್ಣನ ಪುಸ್ತಕದಿಂದ ತಿಳಿಯುತ್ತದೆ. 1938ರ ಮೇ ತಿಂಗಳಲ್ಲಿ ಶಿಕಾಗೋ ಪಟ್ಟಣದ ಒಂದು ಓಣಿಯಲ್ಲಿ ಯಾರೋ ಅವನನ್ನು ಹೊಡೆದು ಕೆಡವಿದರು; ಅವನು ಸತ್ತನು. ಹೊಡೆದವರು ಸಿಕ್ಕಲೇ ಇಲ್ಲ. ಅವನ ಕೈಯ ಎಲುಬುಗಳು ಮುರಿದಿದ್ದವೆಂದು ಕೇಳಿದಾಗ ತಂದೆಯು, ಯಾವ ಕೈ ಎಂದು ವಿಚಾರಿಸಿದನೆಂದೂ ಅದು ಬಲಗೈ ಆಗಿತ್ತೆಂದೂ ಪುಸ್ತಕದಲ್ಲಿದೆ. ಯಾವ ಕೈಗೆ ತಾನು ತಾಳವನ್ನು ಕಲಿಸಿದನೋ ಆ ಕೈ! ಮೂರು ವರ್ಷಗಳಾದ ಮೇಲೆ 1941ರಲ್ಲಿ ಅಯ್ಯನವರೂ ತೀರಿಕೊಂಡರು. ತಮ್ಮನಿಗೆ ಸಹಾಯ ಮಾಡಬೇಕೆಂದಿದ್ದರೂ ಯಾವ ಸಹಾಯವು ಅವನಿಗೆ ಬೇಕಾಗಿತ್ತೋ ಯಾವದನ್ನು ಅವನು ತೆಗೆದುಕೊಳ್ಳುತ್ತಿದ್ದನೋ ಎಂಬದು ತಂದೆಗೂ ಅಣ್ಣನಿಗೂ ಕಡೆಯ ತನಕ ತಿಳಿಯಲಿಲ್ಲ. ಆ ಪುಸ್ತಕದ ಭಾರವೆಲ್ಲಾ ಇದೇ.

ಈಗ ನಮ್ಮ ಸಭೆಗಳಲ್ಲಿ ಇಂಥ ತಂದೆತಾಯಿಗಳು ಇಲ್ಲವೋ? ಭಾನುವಾರ ಭಾನುವಾರ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತುಕೊಳ್ಳುವರು. ಮಗನು ಎಲ್ಲಿದ್ದಾನೆಂದು ಯಾರಾದರೂ ಕೇಳಿದರೆ ಮಾತು ಬದಲಿಸುವರು. ಊರವರು, ಸರಿಯಾಗಿ ಬೆಳೆಸಿದ್ದರೆ ಹೀಗಾಗುತ್ತಿತ್ತೋ ಎಂದು ಹಿಂದಿನಿಂದ ಆಡುವರು. ಆದರೆ ಈ ಮಾತಿನಲ್ಲಿ ಒಂದು ದೊಡ್ಡ ತಪ್ಪೆಣಿಕೆಯುಂಟು. ಕಲಿಸುವದನ್ನು ಅವರು ಬೆಲೆಯೆಂದು ಎಣಿಸಿದ್ದಾರೆ. ಸರಿಯಾದ ಬೆಲೆ ಕೊಟ್ಟರೆ ಒಳ್ಳೇ ಮಗನು ಕೈಗೆ ಬರಲೇಬೇಕು ಎಂಬ ಹಾಗೆ. ಮಗನು ಪದಾರ್ಥವಾಗಿದ್ದರೆ ಹಾಗೆ ಆದೀತು. ಅವನು ಮನುಷ್ಯನು. ಕೋಲನ್ನು ಹಿಡಿದ ಕೈಗೆ ಮಾತ್ರ ಕೋಲಿನ ಭಾರ ತಿಳಿಯುವದೆಂದು ಮೇಲೆ ಹೇಳಿದೆವಷ್ಟೆ. ತಂದೆಯು ಕೈ ಬಿಡದಿದ್ದರೆ ಮಗನು ಕಲಿಯನು. ಕೈ ಬಿಟ್ಟ ಮೇಲೆ ಮಗನು ಆ ಕೈಯಿಂದ ಏನು ಮಾಡುವನೆಂಬದು ತಂದೆಯ ವಶದಲ್ಲಿಲ್ಲ. ಗುಣವನ್ನು ಹುಟ್ಟಿಸುವ ಸ್ವಾತಂತ್ರ್ಯವೂ ಗುಣವನ್ನು ಕೆಡಿಸುವ ಸ್ವಾತಂತ್ರ್ಯವೂ ಒಂದೇ. ಎರಡನೆಯದನ್ನು ತೆಗೆದರೆ ಮೊದಲನೆಯದೂ ಉಳಿಯದು.

ಹಾಗಾದರೆ ಪಾಲನಿಗೆ ಕಲಿಸಿದ್ದು ವ್ಯರ್ಥವಾಯಿತೋ? ವ್ಯರ್ಥವಾಗಲಿಲ್ಲ. ಮೊದಲನೆಯದಾಗಿ, ಅವನು ತೊರೆಯಲ್ಲಿ ನಿಂತ ಗಳಿಗೆಗಳು ನಿಜವಾದವುಗಳಾಗಿದ್ದವು. ಅಂತ್ಯವು ಕೆಟ್ಟದ್ದೆಂದು ಮೊದಲಿನ ಒಳ್ಳೇದು ಸುಳ್ಳಾಗುವದಿಲ್ಲ. ಎರಡನೆಯದಾಗಿ, ಆ ತಂದೆಮಕ್ಕಳು ಮಾತಿನಿಂದ ಒಬ್ಬರನ್ನೊಬ್ಬರು ಮುಟ್ಟಲಾಗದೆ ಇದ್ದಾಗಲೂ ಒಂದೇ ನೀರಿನಲ್ಲಿ ಕೂಡ ನಿಲ್ಲಲು ಒಂದು ಸ್ಥಳವಿತ್ತು. ದಾರಿ ತಪ್ಪಿದ ಮಗನಿಗೆ ಬುದ್ಧಿ ಹೇಳುವವರು ಹಲವರು. ಅವನ ಸಂಗಡ ಅರ್ಧ ದಿನ ಕೆಲಸ ಮಾಡುವವರು ಕೆಲವರು. ಬುದ್ಧಿಯ ಮಾತು ಮುಗಿದ ಮೇಲೆಯೂ ಕೂಡ ಮಾಡತಕ್ಕ ಕೆಲಸವೊಂದು ಉಳಿದಿದ್ದರೆ ಬಾಗಲು ಪೂರ್ತಿಯಾಗಿ ಮುಚ್ಚಿರುವದಿಲ್ಲ. ಮೂರನೆಯದಾಗಿ, ಕಲಿಸಿದ್ದು ಯಾರಲ್ಲಿ ಫಲಿಸುವದೆಂದು ಕಲಿಸುವವನು ಗೊತ್ತುಮಾಡಲಾರನು. ಹಿರಿಯ ಮಗನು ತನ್ನ ಮಕ್ಕಳಿಗೆ ಹೇಳುತ್ತಿದ್ದ ಕಥೆಯನ್ನು ಮುಪ್ಪಿನಲ್ಲಿ ಬರೆದನು. ಅವನ ಮಗನೂ ಅಜ್ಜನ ಹೆಸರಿನವನೂ ಆದ ಜಾನ್ ಮಕ್ಲೇನನು ಅದೇ ನದಿಯನ್ನೂ ಅದೇ ಮನೆತನವನ್ನೂ ಕುರಿತು 2021ರಲ್ಲಿ ಇನ್ನೊಂದು ಪುಸ್ತಕವನ್ನು ಪ್ರಕಟಿಸಿದನು. ಅಜ್ಜನು ಬಿತ್ತಿದ್ದು ಮೊಮ್ಮಗನಲ್ಲಿ ಬೆಳೆಯಿತು. ಆದರೂ ಇದನ್ನು ಪಾಲನ ಸಾವಿಗೆ ಈಡೆಂದು ಹೇಳಲಾಗದು. ಕಳೆದುಹೋದ ಮಗನಿಗೆ ಈಡಿಲ್ಲ.

ಮಗುವಿಗೆ ಕಲಿಸುವವನು ತೊರೆಯನ್ನೂ ಉಳಿಸಬೇಕು ಎಂಬ ಮಾತನ್ನೂ ಸೇರಿಸತಕ್ಕದ್ದು. ಬ್ಲ್ಯಾಕ್‌ಫುಟ್ ನದಿಯ ಮೇಲ್ಭಾಗದಲ್ಲಿ ಗಣಿಯ ಕಸವನ್ನು ತಡೆದಿದ್ದ ಒಂದು ಒಡ್ಡು 1975ರಲ್ಲಿ ಒಡೆದು ವಿಷದ ಮಣ್ಣು ನೀರಿಗೆ ಸೇರಿತು. 1992ರಲ್ಲಿ ಆ ಪುಸ್ತಕವು ಚಲನಚಿತ್ರವಾದಾಗ ಗಾಳ ಹಾಕುವ ದೃಶ್ಯಗಳಲ್ಲಿ ಬಹಳಷ್ಟನ್ನು ಬೇರೆ ನದಿಗಳಲ್ಲಿ ತೆಗೆದರು. ಅನಂತರ 1993ರಲ್ಲಿ ಆ ಕಣಿವೆಯ ರೈತರೂ ದನಗಾರರೂ ಇತರರೂ ಕೂಡಿ ಒಂದು ಸಂಘವನ್ನು ಸ್ಥಾಪಿಸಿ ನದಿಯನ್ನು ಸುಧಾರಿಸುವ ಕೆಲಸಕ್ಕೆ ಕೈಹಾಕಿದರು.

ಇದು ನಮಗೆ ಸಂಬಂಧವಿಲ್ಲದ ಮಾತಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ತಾಮಸ್ ಎಂಬವರು ಇಂಡಿಯಾ ದೇಶದಲ್ಲಿ ಗಾಳ ಹಾಕುವದನ್ನು ಕುರಿತು ಬರೆದ ಹೆಸರುವಾಸಿಯಾದ ಇಂಗ್ಲಿಷ್ ಪುಸ್ತಕವು 1873ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಹೊಳೆಗಳಲ್ಲಿ ವಿಷ ಹಾಕಿ, ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಳಿದು ಮೀನಿನ ಸಂತತಿಯನ್ನೇ ಕೆಡಿಸುವದರ ವಿರುದ್ಧ ಅವರು ಆ ಕಾಲದಲ್ಲಿಯೇ ವಾದಿಸಿದ್ದರು. 1897ರ ಮೀನುಗಾರಿಕೆಯ ಕಾಯಿದೆಯು ನೀರಿಗೆ ಸಿಡಿಮದ್ದನ್ನೂ ವಿಷವನ್ನೂ ಹಾಕಿ ಮೀನು ಕೊಲ್ಲುವದನ್ನು ಅಪರಾಧವೆಂದು ವಿಧಿಸಿತು. ಆದರೂ ಬೇಸಿಗೆಯಲ್ಲಿ ಮಡುವಿಗೆ ಸಿಡಿಮದ್ದನ್ನು ಎಸೆದು ಗಳಿಗೆಯಲ್ಲಿ ಬುಟ್ಟಿ ತುಂಬಿಸುವವರು ಇಲ್ಲದಿಲ್ಲ. ಪಕ್ಕದಲ್ಲಿ ಮಗು ನಿಂತು ನೋಡುತ್ತಿರುವದು. ತಂದೆಯು ಆ ಮಗುವಿಗೆ ಆಗ ಏನೂ ಕಲಿಸುತ್ತಿಲ್ಲವೆಂದು ಎಣಿಸಬೇಡಿರಿ. ಕಾಯಬೇಕಾಗಿಲ್ಲ, ನಾಳೆಯ ಚಿಂತೆ ಬೇಡ, ಮರಿಗಳು ಸತ್ತರೆ ಸಾಯಲಿ ಎಂಬ ಪಾಠವನ್ನು ಒಂದೇ ಶಬ್ದದಲ್ಲಿ ಕಲಿಸಿಬಿಟ್ಟಿರುವನು. ಹಾಗೆ ಕಲಿತವನು ಮುಂದೆ ಗದ್ದೆಯನ್ನೂ ಮನೆಯನ್ನೂ ಮುದಿ ತಂದೆಯನ್ನೂ ಅದೇ ರೀತಿಯಲ್ಲಿ ನಡಿಸಿದರೆ ಆಶ್ಚರ್ಯವೇನು?

ಆದದರಿಂದ, ಪ್ರಿಯರೇ, ಈ ವಿಚಾರದ ಸಾರವನ್ನು ಹೀಗೆ ಹೇಳಬಹುದು. ತಂದೆತಾಯಿಗಳು ಮಕ್ಕಳಿಗೆ ಗುಣವನ್ನು ಕೊಡಲಾರರು; ಗುಣವು ಬೇಕಾಗುವ ಕೆಲಸವನ್ನು ಕೊಡಬಲ್ಲರು, ಅದನ್ನು ಮಾಡುವ ಕ್ರಮವನ್ನು ತೋರಿಸಬಲ್ಲರು, ಪಕ್ಕದಲ್ಲಿ ನಿಲ್ಲಬಲ್ಲರು, ಹೊತ್ತು ಬಂದಾಗ ಕೈ ಬಿಡಬಲ್ಲರು. ಬಿಟ್ಟ ಮೇಲೆ ಪ್ರೀತಿಸುವದನ್ನು ಬಿಡದೆ ಇರಬಲ್ಲರು. ಇಷ್ಟನ್ನು ಮಾಡಿದವರ ಮೇಲೆ ಮಗನ ತಪ್ಪಿನ ಹೊರೆಯನ್ನು ಯಾರೂ ಹೊರಿಸಕೂಡದು. ಅವರೇ ತಮ್ಮ ಮೇಲೆ ಹೊರಿಸಿಕೊಳ್ಳಲೂ ಕೂಡದು. ಇದನ್ನು ಮಾಡದವರಿಗೆ ಇನ್ನೂ ಹೊತ್ತು ಉಂಟು. ಗರಿಯ ನೊಣವೂ ಟ್ರೌಟ್ ಮೀನೂ ನಮಗೆ ಬೇಕಾಗಿಲ್ಲ. ಬುಟ್ಟಿ ಹೆಣೆಯುವದಿದೆ, ಸಸಿ ನೆಡುವದಿದೆ, ಹಾಲು ಕರೆಯುವದಿದೆ, ಕೀರ್ತನೆಯ ರಾಗವನ್ನು ಕಲಿಸುವದಿದೆ. ಈ ವಾರದಲ್ಲಿ ಒಂದು ಸಾಯಂಕಾಲ ಮಗನನ್ನೋ ಮಗಳನ್ನೋ ಕರೆದು, ಬೈಯದೆ ಅವಸರಪಡಿಸದೆ, ಅಂಥ ಒಂದು ಕೆಲಸವನ್ನು ಅವರ ಕೈಗೆ ಕೊಡಿರಿ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವರು ನಿಮ್ಮ ನೆರೆಯಲ್ಲಿದ್ದರೆ ಮುಂದಿನ ಭಾನುವಾರ ಅವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿರಿ.